ಗದ್ದದ ಗುಟ್ಟು

ದಿನವಿಡೀ ಊರವರ ಗದ್ದ ಹಿಡಿದು ಅತ್ತ ಇತ್ತ ತಿರುಗಿಸುವ ಕ್ಷೌರಿಕನಿಗೆ ಹೆಂಡತಿಯ ಗದ್ದ ಮಾತ್ರ ಕೈಗೆ ಸಿಗದೆ ತಿಂಗಳುಗಳೇ ಆಗಿದ್ದವು.

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ನಡುವೆ ಒಂದು ಪರದೆ. ಈಚೆ ಅವನು ಗಂಡಸರ ಕ್ಷೌರ ಮಾಡಿದರೆ, ಆಚೆ ಅವಳು ಹೆಂಗಸರ ಹುಬ್ಬು ತಿದ್ದುತ್ತಿದ್ದಳು. ಮೊದಲೆಲ್ಲ ಪರದೆಯ ಸಂದಿಯಿಂದ ಅವನ ನೋಟ ಕನ್ನಡಿಗೆ ಬಿದ್ದು, ಅಲ್ಲಿಂದ ಅವಳ ಕಣ್ಣಿಗೇ ಬರುತ್ತಿತ್ತು. ಹಲ್ಲಲ್ಲಿ ದಾರ ಕಚ್ಚಿಕೊಂಡೇ ಅವಳು ನಕ್ಕುಬಿಡುತ್ತಿದ್ದಳು. "ನಗ್ಬೇಡಮ್ಮಾ, ನನ್ನ ಹುಬ್ಬು ಹೋಗುತ್ತೆ!" ಎಂದು ಗಿರಾಕಿಗಳು ಗದರುತ್ತಿದ್ದರು.

ಈಗ ನೋಟ ಬಂದರೆ ಅವಳೇ ಮುಖ ತಿರುಗಿಸುತ್ತಿದ್ದಳು. ಮೂರು ಸಲ ಬಸಿರಾಗಿದ್ದಳು, ಮೂರು ಸಲವೂ ಹೊಟ್ಟೆ ಕಾಣುವ ಮೊದಲೇ ಇಳಿದುಹೋಗಿತ್ತು. ಪಿಸಿಒಎಸ್ ಇದೆ ಎಂದಿದ್ದರು ಡಾಕ್ಟರಮ್ಮ. ಹಾರ್ಮೋನುಗಳ ಏರುಪೇರು, ಮುಟ್ಟು ತಪ್ಪುವುದು, ಮೈ ಬರುವುದು, ಗದ್ದದಲ್ಲಿ ಒರಟು ಕೂದಲು ಮೂಡುವುದು ಎಲ್ಲ ಅದರಿಂದಲೇ. "ಬಸಿರು ಇಳಿಯೋಕೆ ಅದೊಂದೇ ಕಾರಣ ಅಂತ ಹೇಳಕ್ಕಾಗಲ್ಲ. ನಿನ್ನ ತಪ್ಪಂತೂ ಅಲ್ಲಮ್ಮ" ಎಂದೂ ಹೇಳಿದ್ದರು. ಆ ಮಾತು ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ.

ದಿನಾ ಬೆಳಿಗ್ಗೆ ಅವನು ಏಳುವ ಮುಂಚೆ ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಪ್ಲಕ್ಕರ್‌ನಿಂದ ಆ ಕೂದಲುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಉರಿಗೆ ಕಣ್ಣಲ್ಲಿ ನೀರು, ಮೂಗು ಸೊರಸೊರ. ಮೂರನೆಯದೂ ಹೋದ ಮೇಲೆ ಅವನು ಹಾಸಿಗೆ ಸುತ್ತಿಕೊಂಡು ಹೊರಗಿನ ಕೋಣೆಗೆ ಹೋದಾಗ, ಗದ್ದದ ಕೂದಲು ನೋಡೇಬಿಟ್ಟನೆಂದು ಅವಳು ಕುಗ್ಗಿಹೋದಳು. ಒಳ್ಳೆಯವನು, ಅಸಹ್ಯವಾದರೂ ಬಾಯಿಬಿಟ್ಟು ಹೇಳುವುದಿಲ್ಲ. ಅವನ ಕೈಯ ಸೋಪಿನ ವಾಸನೆಗಾಗಿ ಅವಳ ಜೀವ ಎಷ್ಟು ಹಂಬಲಿಸುತ್ತಿತ್ತೆಂದರೆ, ಅವನು ಒರೆಸಿ ಬಿಟ್ಟ ಟವೆಲನ್ನು ಒಗೆಯುವ ಮುಂಚೆ ಕದ್ದು ಮೂಸುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಬಚ್ಚಲ ಬಾಗಿಲು ಬಡಿದ.

"ತೆಗಿ ಕಣೇ. ಎಷ್ಟು ದಿನ ಅಂತ ಹೀಗೆ ಒಬ್ಬಳೇ ಅಳ್ತೀಯ?"

"ಅಳೋದಾ? ಯಾರು?"

"ದಿನಾ ಇಲ್ಲೇ ಹೊರಗೆ ಕೂತು ಕೇಳ್ತೀನಿ. ನನಗೆ ಗೊತ್ತಿಲ್ವಾ? ನಾನು ಹತ್ತಿರ ಬಂದ್ರೆ ಮತ್ತೆ ಬಸಿರು, ಮತ್ತೆ ಆಸ್ಪತ್ರೆ, ಮತ್ತೆ ನಿನಗೆ ಆ ಸಂಕಟ. ಇನ್ನೊಂದ್ಸಲ ನೋಡೋ ಧೈರ್ಯ ನನಗಿಲ್ಲ. ಅದಕ್ಕೇ ಹೊರಗೆ ಮಲಗಿದ್ದು."

ಅವಳು ಬಾಗಿಲು ತೆಗೆದಳು. ಗದ್ದ ಕೆಂಪಗೆ ಊದಿತ್ತು, ಪ್ಲಕ್ಕರ್ ಕೈಯಲ್ಲೇ ಇತ್ತು.

"ಅಳ್ತಿರಲಿಲ್ಲ ರೀ. ಗಡ್ಡ ಕೀಳ್ತಿದ್ದೆ."

ಅವನು ಪಿಳಿಪಿಳಿ ಕಣ್ಣುಬಿಟ್ಟ. "ಅಲ್ವೇ, ಕ್ಷೌರಿಕನ್ನ ಕಟ್ಕೊಂಡು ಕದ್ದು ಗಡ್ಡ ಕೀಳ್ತೀಯಲ್ಲೇ! ನನ್ನ ಮರ್ಯಾದೆ ಏನಾಗ್ಬೇಕು?"

ಅವಳಿಗೆ ನಗು ಬಂತು. ನಗುತ್ತಲೇ ಅಳು ಬಂತು, ಈ ಸಲ ನಿಜವಾದ ಅಳು.

ಶಟರ್ ಇನ್ನೂ ಎತ್ತದ ಅಂಗಡಿಯಲ್ಲಿ ಅವಳನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಬಿಸಿ ಟವೆಲ್ ಇಟ್ಟು, ಬೆರಳಿನಿಂದ ಮೆಲ್ಲಗೆ ನೊರೆ ಹಚ್ಚಿದ. ಅಷ್ಟು ತಿಂಗಳ ಮೇಲೆ ಬಂದ ಆ ಬೆರಳಿಗೆ ಅವಳ ಮೈ ಜುಂ ಎಂದಿತು.

"ಮಗು ಆಗ್ದೇ ಇದ್ರೆ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

ರೇಜರ್ ನಿಂತಿತು. "ಮಗು ಬೇಕು ಅಂತ ಆಸೆ ಇದೆ, ಸುಳ್ಳು ಯಾಕೆ ಹೇಳ್ಲಿ? ಆಗ್ದಿದ್ರೆ ಅತ್ಕೊಂಡು ಬದುಕ್ತೀನಿ. ನೀನಿಲ್ದೆ ಇರೋಕೆ ಮಾತ್ರ ಆಗ್ತಿಲ್ಲ ಕಣೇ. ಈ ತಿಂಗಳುಗಳಲ್ಲಿ ನೋಡಿಬಿಟ್ಟೆ."

ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು. "ಹಾಸಿಗೆ ಒಳಗೆ ತನ್ನಿ. ಬಸಿರು ಯಾವಾಗ, ಬೇಕೋ ಬೇಡ್ವೋ, ಡಾಕ್ಟರಮ್ಮನ್ನ ಕೇಳೋಣ. ಅದಕ್ಕೂ ಮುಂಚೆ ನನಗೆ ನೀವು ಬೇಕು."

ಹೊರಗೆ ಯಾರೋ ಶಟರ್ ತಟ್ಟಿದರು. "ಅಣ್ಣಾ, ಇನ್ನೂ ಓಪನ್ ಆಗಿಲ್ವಾ?"

"ಇವತ್ತು ರಜಾ ಕಣಪ್ಪಾ!" ಎಂದು ಅವನು ಕೂಗಿದ. ಅವಳ ಗದ್ದ ಅವನ ಅಂಗೈಯಲ್ಲೇ ಇತ್ತು.