ಖಾಲಿ ಜಾಗದ ಗೆರೆ

ಜೂನ್ 11, ಬುಧವಾರ ಬೆಳಿಗ್ಗೆ 10.20ಕ್ಕೆ ಕೆರಾಡಿಯ ಬೆಳ್ಳಿ ಕುಂದಾಪುರ ಠಾಣೆಗೆ ಬಂದು ದೂರು ಕೊಟ್ಟಳು. ಕಾಲಿನ ಗಾಯಕ್ಕೆಂದು ಕೋಟೇಶ್ವರದ ಖಾಸಗಿ ಆಸ್ಪತ್ರೆ ಸೇರಿದ್ದ ಅವಳ ತಂದೆ ಐತನಿಗೆ ಹಿಂದಿನ ದಿನ ಪೆನಿಸಿಲಿನ್ ಚುಚ್ಚಿದ್ದರು. ಅದು ಅವನಿಗೆ ಆಗುವುದಿಲ್ಲವೆಂದು ಅವಳು ಮೊದಲೇ ಹೇಳಿದ್ದಳು. ಈಗ ಐತ ವೆಂಟಿಲೇಟರ್‌ನಲ್ಲಿದ್ದ.

“ಕಲಿಯೂಕೆ ಬಂದ ಹೆಣ್ಣ್ ಕೇಂಡ್ಕಂಡ್ ಕಂಪ್ಯೂಟ್ರಿಗೆ ಹಾಕಿತ್ತ್ ಸಾರ್. ನನ್ನ ಕಣ್ಣೆದ್ರೇ.”

ಎಫ್‌ಐಆರ್ ದಾಖಲಿಸಿ, ಇನ್‌ಸ್ಪೆಕ್ಟರ್ ಪ್ರೇಮಾನಂದ ಕಾನ್‌ಸ್ಟೇಬಲ್ ದೀಕ್ಷಾಳೊಂದಿಗೆ 11.45ಕ್ಕೆ ಆಸ್ಪತ್ರೆ ತಲುಪಿದರು. ಆಡಳಿತದವರು ಹಾಳೆಯೊಂದನ್ನು ಸಿದ್ಧವಾಗಿಟ್ಟಿದ್ದರು. ಕೇಳುವ ಮೊದಲೇ ಕೈಗೆ ಬರುವ ಕಾಗದವನ್ನು ಪ್ರೇಮಾನಂದ ಎಂದೂ ನಂಬಿದವರಲ್ಲ. ‘ಅಲರ್ಜಿ ಇಲ್ಲವೆಂದು ಮನೆಯವರ ಹೇಳಿಕೆ’ ಎಂದಿತ್ತು. ಹಾಳೆಯ ಪ್ರಕಾರ ಬರೆದವಳೂ ಚುಚ್ಚಿದವಳೂ ಒಬ್ಬಳೇ: ನರ್ಸಿಂಗ್ ವಿದ್ಯಾರ್ಥಿನಿ ಧನ್ಯಶ್ರೀ. ಶಿರೂರಿನ ಮೀನುಗಾರರ ಮನೆಯ ಹುಡುಗಿ. ಕಾಲೇಜು ಅವಳನ್ನು ಆಗಲೇ ಅಮಾನತು ಮಾಡಿತ್ತು. ತಪ್ಪು ಸಾಬೀತಾದರೆ ಓದು ಅಲ್ಲಿಗೇ ಮುಗಿಯಿತು.

ವಾರ್ಡಿನ ಹಿರಿಯ ನರ್ಸ್ ಸರೋಜ, ಇಪ್ಪತ್ತಾರು ವರ್ಷದ ಸೇವೆಯವರು, ಕಂಪ್ಯೂಟರಿನದ್ದೆಲ್ಲ ಮಕ್ಕಳ ಕೆಲಸ, ಹೆಸರು ಯಾರದ್ದಿದೆಯೋ ಅವರನ್ನೇ ಕೇಳಿ ಎಂದರು.

ಪ್ರೇಮಾನಂದ ಧನ್ಯಶ್ರೀಯನ್ನು ಕರೆಸಿದರು. “ಚುಚ್ಚಿದ್ದು ನೀನಾ?”

“ಅಲ್ಲ ಸಾರ್. ನಾನ್ ಪಕ್ಕದ ವಾರ್ಡಲ್ಲಿದ್ದೆ.”

“ಮತ್ತೆ ಯಾರು?”

“ನಾನ್ ನೋಡ್ಲಿಲ್ಲ ಸಾರ್.”

“ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದೆ?”

“ಯಾರಿಗೂ ಇಲ್ಲ.”

ಉತ್ತರ ಬೇಗ ಬಂತು. ಇವಳು ಏನೋ ಮುಚ್ಚಿಡುತ್ತಿದ್ದಾಳೆ ಎಂದು ಪ್ರೇಮಾನಂದರಿಗೆ ಖಾತ್ರಿಯಾಯಿತು.

ವಿದ್ಯಾರ್ಥಿಗಳಿಗೆ ಈ ಕಂಪ್ಯೂಟರ್ ದಾಖಲೆ ಕಲಿಸುವ ರವಿಚಂದ್ರ, ಯಾರ ಹೆಸರಲ್ಲಿ ಯಾವಾಗ ಏನು ದಾಖಲಾಯಿತೆಂದು ತೋರಿಸುವ ಅದರ ಹಿಂದಿನ ಪುಟ ತೆರೆದರು. ಮಂಗಳವಾರ ಬೆಳಿಗ್ಗೆ 7.40ಕ್ಕೆ ಕೆಂಪು ಗುರುತು, ಒತ್ತಿದರೆ ‘ಪೆನಿಸಿಲಿನ್ ಆಗದು’ ಎಂಬ ಟಿಪ್ಪಣಿ. 8.15ಕ್ಕೆ ಇಂಜೆಕ್ಷನ್. 9.05ಕ್ಕೆ ಕೆಂಪು ಗುರುತು ಅಳಿಸಿ ‘ಅಲರ್ಜಿ ಇಲ್ಲ’. ಮೂರಕ್ಕೂ ಧನ್ಯಶ್ರೀಯ ಹೆಸರು.

“ಅಳಿಸಿದ್ದೂ ಹಿಂದೆ ಉಳೀತದೆ ಸಾರ್. ನಮ್ಮ ಮುಖ್ಯ ಪಾಠವೇ ಅದು. ಪರೀಕ್ಷೆಯಲ್ಲಿ ಈ ಹುಡುಗಿ ಸರಿಯಾಗಿ ಬರೆದಿದ್ದಾಳೆ.”

ಹಾಗಾದರೆ ಅಳಿಸಿದವರು ಆ ಪಾಠ ಕೇಳದವರು. ಅಲ್ಲದೆ, ಹುಡುಗಿ ಚುಚ್ಚಿಲ್ಲವಾದರೆ ಆ ಕೆಂಪು ಗುರುತೇ ಅವಳನ್ನು ಉಳಿಸುವ ಸಾಕ್ಷಿ; ಅದನ್ನು ಅವಳೇ ಅಳಿಸುತ್ತಾಳೆಯೇ?

ತಿದ್ದಿದ ಸಾಲಿನ ಕೊನೆಗೆ ಅಡ್ಡಗೆರೆಗಳು ಚೌಕದ ಅಂಚಿನವರೆಗೂ ಸಾಲುಗಟ್ಟಿದ್ದವು. ಕೀಲಿ ಒತ್ತಿಹೋಗಿರಬೇಕು ಎಂದರು ರವಿಚಂದ್ರ. ಅಷ್ಟರಲ್ಲಿ ಪಂಚನಾಮೆ ಬರೆದು ಮುಗಿಸಿದ ದೀಕ್ಷಾ, ಆಮೇಲೆ ಯಾರೂ ಏನೂ ಸೇರಿಸದಂತೆ ಉಳಿದ ಖಾಲಿ ಜಾಗಕ್ಕೆ ಉದ್ದ ಗೆರೆ ಎಳೆದಳು. ಪ್ರೇಮಾನಂದ ಆ ಕಾಗದ ನೋಡಿದರು, ಪರದೆ ನೋಡಿದರು. ಕಂಪ್ಯೂಟರ್ ಬರುವ ಮೊದಲಿನ ಕೇಸ್ ಶೀಟ್‌ಗಳನ್ನು ತರಿಸಿದರು. ಹಳೆಯ ನರ್ಸ್‌ಗಳೆಲ್ಲ ಹಾಗೆಯೇ ಗೆರೆ ಎಳೆಯುತ್ತಿದ್ದರು. ಅವರಲ್ಲಿ ಮಂಗಳವಾರ ಬೆಳಿಗ್ಗೆ ಆ ವಾರ್ಡಿನ ಡ್ಯೂಟಿಯಲ್ಲಿದ್ದವರು ಒಬ್ಬರೇ.

2.30ಕ್ಕೆ ಸರೋಜರನ್ನು ಕರೆಸಿದರು. ಧನ್ಯಶ್ರೀಯೂ ಅಲ್ಲಿದ್ದಳು.

“ಸಿಸ್ಟರ್, ಬರೆದ ಮೇಲೆ ಗೆರೆ ಯಾಕೆ ಎಳೀತೀರಿ?”

“ಖಾಲಿ ಬಿಡೂಕಾಗ ಸಾರ್, ಯಾರಾರೂ...” ಪರದೆಯ ಕಡೆ ನೋಡಿದವರು ಅಲ್ಲಿಗೇ ನಿಲ್ಲಿಸಿದರು.

ಅತ್ತದ್ದು ಧನ್ಯಶ್ರೀ. ಎರಡು ತಿಂಗಳಿಂದ ಸಿಸ್ಟರ್ ಹೇಳಿದ್ದನ್ನು ಗುಟ್ಟಾಗಿ ತಾನೇ ಟೈಪ್ ಮಾಡುತ್ತಿದ್ದೆ, ತಾನಿಲ್ಲದಾಗ ಇರಲಿ ಎಂದು ಪಾಸ್‌ವರ್ಡ್ ಬರೆದುಕೊಟ್ಟಿದ್ದೆ ಎಂದಳು. ತನಗೆ ನರ ಹುಡುಕುವುದನ್ನು ಕಲಿಸಿದವರೇ ಅವರು, ಹೆಸರು ಹೇಗೆ ಹೇಳಲಿ ಎಂದಳು.

ಮಾರ್ಚ್‌ನಲ್ಲಿ ಕಂಪ್ಯೂಟರ್ ತರಗತಿಗೆ ಸರೋಜರೂ ಹೋಗಿದ್ದರು. ಮೊದಲ ದಿನ ಏನೋ ತಪ್ಪು ಒತ್ತಿದಾಗ ಹಿಂದಿನ ಬೆಂಚಿನ ಹುಡುಗಿಯರು ನಕ್ಕರು. ಮತ್ತೆ ಅವರು ಆ ಕಡೆ ಹೋಗಲಿಲ್ಲ.

“ಕೆಂಪ್ ಗುರ್ತ್ ಕಂಡಿದ್ದೆ ಸಾರ್,” ಎಂದರು ಸರೋಜ. “ಒತ್ತಿದ್ರೆ ತೆರೀತ್ ಅಂದ್ ಗೊತ್ತಿರ್ಲಿಲ್ಲ. ಮಕ್ಕಳ ಹತ್ರ ಕೇಂಬುಕೆ ನಾಚ್ಕಿ. ಚುಚ್ಚಿ ಅವ್ರ್ ಪ್ರಜ್ಞೆ ತಪ್ಪಿದ ಮೇಲೆ ಒತ್ತಿ ಕಂಡೆ. ಹೆದ್ರಿ ಅಳ್ಸಿದೆ.”

ಸಂಜೆ 5.10ಕ್ಕೆ ಸರೋಜರ ಬಂಧನವಾಯಿತು. ಎಫ್‌ಐಆರ್‌ಗೆ ದಾಖಲೆ ತಿದ್ದಿದ ಅಪರಾಧದ ಕಲಂ ಸೇರಿತು. ಕಾಲೇಜು ಅಮಾನತು ಹಿಂತೆಗೆದು, ಪಾಸ್‌ವರ್ಡ್ ಕೊಟ್ಟದ್ದಕ್ಕೆ ಧನ್ಯಶ್ರೀಯಿಂದ ತಪ್ಪೊಪ್ಪಿಗೆ ಬರೆಸಿಕೊಂಡಿತು. ಐತ ಕಣ್ಣು ಬಿಟ್ಟನೆಂದು ಬೆಳ್ಳಿ ಏಳು ಗಂಟೆಗೆ ಫೋನ್ ಮಾಡಿದಳು.

ಪ್ರೇಮಾನಂದ ಕೇಸ್ ಡೈರಿಯಲ್ಲಿ ಬರೆದರು: ‘ಕಾರಣ: ಕೇಳಲು ನಾಚಿಕೆ.’ ಉಳಿದ ಜಾಗಕ್ಕೆ ಗೆರೆ ಎಳೆದರು.