ಅಪ್ಪ ಔಟ್

ಏಳನೇ ಪಾಯಿಂಟ್ ಮುಗಿಯುವಷ್ಟರಲ್ಲಿ ಅಪ್ಪನ ಕ್ಲಾಸಿನ ಅರ್ಧ ಜನ ನಿದ್ದೆ ಹೋಗಿದ್ದರು. ಅರ್ಧ ಜನ ಅಂದರೆ ಅಜ್ಜಿ. ಉಳಿದರ್ಧ ಗಿರಗಿಟ್ಲೆ. ಒಂದು ಕಡೆ ಕೂರುವ ಜಾಯಮಾನದವಳಲ್ಲ, ಅದಕ್ಕೇ ಆ ಹೆಸರು. ಪಾಪ, ಆಕಳಿಕೆಯನ್ನು ಬಾಯೊಳಗೇ ಬಚ್ಚಿಡಲು ನೋಡಿದಳು. ಅದು ಮೂಗಿನಿಂದ ಹೊರಬಂತು.

ಅಪ್ಪ ಕಾಗದ ಕೆಳಗಿಟ್ಟ. "ಅಷ್ಟು ಬೋರಾ?"

"ಸ್ವಲ್ಪ," ಅಂದಳು. ಆಮೇಲೆ ಬಾಯಿ ತಡೆಯಲಿಲ್ಲ. "ಜೋಗುಳ ಹಾಡ್ದಂಗಿತ್ತು."

ಅಪ್ಪನ ಮುಖ ಸಣ್ಣದಾಯಿತು. ಯಾಕಾದರೂ ಅಂದೆನೋ ಅನ್ನಿಸಿತು ಅವಳಿಗೆ.

ಬೆಂಕಿ ಬಿದ್ದರೆ ಏನು ಮಾಡಬೇಕು ಅಂತ ಫ್ಯಾಕ್ಟರಿಗಳಿಗೆ ಹೋಗಿ ಹೇಳಿಕೊಡುವುದು ಅಪ್ಪನ ಕೆಲಸ. ಹೋದ ತಿಂಗಳು ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ಮೂವತ್ತೆರಡು ಪಾಯಿಂಟ್ ಓದಿದ್ದ. ಎಲ್ಲರೂ ತಲೆಯಾಡಿಸಿದ್ದರು. ಆಮೇಲೆ ಲೈಟ್ ಆರಿಸಿ ಸೈರನ್ ಹೊಡೆದರೆ, ಹೊರಗೆ ಬರಲು ಒಂಬತ್ತು ನಿಮಿಷ. ಶನಿವಾರ ಇನ್ನೊಂದು ಚಾನ್ಸ್ ಅಂತ ಮ್ಯಾನೇಜರ್ ಹೇಳಿದ್ದರು. ಎಲ್ಲರೂ ನಾಲ್ಕು ನಿಮಿಷದೊಳಗೆ ಹೊರಗೆ ಬರದಿದ್ದರೆ ಕಲಿಸುವ ಕೆಲಸ ಬೇರೆಯವರಿಗೆ. ಅಪ್ಪ ಮತ್ತೆ ಶೆಡ್ಡಿನಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತುಂಬುತ್ತಾ ಕೂರಬೇಕು. ಅದಕ್ಕೇ ಮನೆಯಲ್ಲಿ ಈ ರಿಹರ್ಸಲ್.

ಗಿರಗಿಟ್ಲೆ ಅಪ್ಪನ ಪಕ್ಕ ಸರಿದಳು. "ನಾನಾಡೋ ಮೊಬೈಲ್ ಗೇಮಲ್ಲಿ ಯಾರೂ ಪಾಯಿಂಟ್ ಓದಲ್ಲಪ್ಪ. ಮೊದ್ಲು ಗುಂಡಿಗೆ ಬೀಳ್ತೀನಿ. ಆಮೇಲೆ ಗುಂಡಿ ಎಲ್ಲಿದೆ ಅಂತ ಮರೆಯೋದೇ ಇಲ್ಲ."

"ಬೆಂಕಿ ಗೇಮಲ್ಲ ಕಣೆ."

"ಅದಕ್ಕೇ ಈಗ್ಲೇ ಬೀಳ್ಬೇಕು."

"ಯಾರು ಬಿದ್ದಿದ್ದು?" ಅಂತ ಅಜ್ಜಿ ಎದ್ದಳು.

ಅಪ್ಪನೇ ಬೀಳಬೇಕಾಯಿತು. ಅಜ್ಜಿಯ ಶಾಲಿನಿಂದ ಅವನ ಕಣ್ಣು ಕಟ್ಟಿದರು. ಹೊಗೆ ಮೇಲೆ ತುಂಬುತ್ತದಲ್ಲ, ಅದಕ್ಕೆ ಅಂಬೆಗಾಲಲ್ಲೇ ಹೋಗಬೇಕು, ಅಡುಗೆಮನೆಯಿಂದ ಬಾಗಿಲವರೆಗೆ. ಗಿರಗಿಟ್ಲೆ ಸದ್ದಿಲ್ಲದೆ ಸ್ಟೂಲನ್ನು ದಾರಿಗೆ ತಂದಿಟ್ಟಳು.

ಹನ್ನೆರಡು ವರ್ಷದಿಂದ ಪಾಠ ಹೇಳುತ್ತಿದ್ದ ಅಪ್ಪ ಸ್ಟೂಲಿಗೆ ಗುದ್ದಿದ. ಸುತ್ತಿಕೊಂಡು ಹೋಗುವಾಗ ದಿಕ್ಕು ತಪ್ಪಿದ. ಸೀದಾ ಬಚ್ಚಲಿಗೆ ಹೋಗಿ ಬಕೆಟ್ ಉರುಳಿಸಿ ಕೂತ. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಗಿರಗಿಟ್ಲೆಯ ನಗು ಮಾತ್ರ ಅರ್ಧಕ್ಕೇ ನಿಂತಿತು. ಶಾಲು ತೆಗೆದ ಅಪ್ಪ ಎದುರಿದ್ದ ನಲ್ಲಿಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

"ಗೋಡೆಯಿಂದ ಕೈ ತೆಗೀಬಾರ್ದು," ಅಂದ ಮೆಲ್ಲಗೆ. "ಹದಿನಾರನೇ ಪಾಯಿಂಟು. ನಾನೇ ಬರ್ದಿದ್ದು."

ಸ್ಟೂಲ್ ತೆಗೆದುಬಿಡ್ತೀನಿ ಅಂದಳು ಅವಳು.

"ಬೇಡ. ಇನ್ನೊಂದ್ಸಲ."

ಎರಡು ದಿನ ಅದೇ ಆಟ. ಸ್ಟೂಲ್ ಎಲ್ಲೇ ಇಟ್ಟರೂ ಅಪ್ಪ ಹದಿನೆಂಟು ಸೆಕೆಂಡಿಗೆ ಬಾಗಿಲು ಮುಟ್ಟತೊಡಗಿದ. ಇಬ್ಬರೂ ಕೂತು ಫ್ಯಾಕ್ಟರಿಗೆ ಲೆವೆಲ್ ಮಾಡಿದರು. ಮೊದಲು ಕಣ್ಣು ಬಿಟ್ಟು, ಆಮೇಲೆ ಕಣ್ಣು ಕಟ್ಟಿ, ಕೊನೆಗೆ ದಾರಿಯಲ್ಲಿ ಏನಾದರೂ ಅಡ್ಡ ಇಟ್ಟು. ತಪ್ಪಿದವರು ಮೊದಲಿನಿಂದ ಶುರು ಮಾಡಬೇಕಿಲ್ಲ, ತಪ್ಪಿದ ಜಾಗದಿಂದಲೇ ಹೊರಟರೆ ಸಾಕು. ಅದು ಗಿರಗಿಟ್ಲೆಯ ರೂಲು.

ಶನಿವಾರ ಸ್ಕೂಲ್ ಮುಗಿಸಿ ಅವಳೂ ಫ್ಯಾಕ್ಟರಿಗೆ ಹೋದಳು, ಅಪ್ಪನ ಮೊಬೈಲಿನಲ್ಲಿ ಟೈಮ್ ನೋಡಲು. ಹೊಲಿಗೆ ಮಷೀನುಗಳ ಸಾಲುಗಳ ನಡುವೆ ನಲವತ್ತು ಜನ ನಿಂತಿದ್ದರು. ಕಣ್ಣು ಬಿಟ್ಟು ಆಡುವ ಲೆವೆಲ್ ಸಲೀಸಾಗಿ ಮುಗಿಯಿತು. ಕಣ್ಣಿಗೆ ಬಟ್ಟೆ ಅಂದದ್ದೇ ಎಲ್ಲರೂ ನೆಲ ನೋಡತೊಡಗಿದರು. ಗುದ್ದಿಕೊಂಡರೆ ರಿಟೈರ್ ಆಗೋವರೆಗೂ ಇವರೆಲ್ಲ ಆಡಿಕೊಂಡು ನಗ್ತಾರೆ ಅಂತ ಹಿರಿಯ ಟೈಲರಮ್ಮ ಗೊಣಗಿದರು. ಮ್ಯಾನೇಜರ್ ಗಡಿಯಾರ ನೋಡಿಕೊಂಡರು.

ಅಪ್ಪ ತನ್ನ ಕಣ್ಣಿಗೇ ಬಟ್ಟೆ ಕಟ್ಟಿಕೊಂಡು ಮಂಡಿಯೂರಿದ. ಸರಸರ ಹೊರಟ. ಒಂದು ಕಿಟಕಿ ದಾಟಿದ, ಎರಡು ದಾಟಿದ. ಮೂರನೇ ಕಿಟಕಿಯ ಕೆಳಗೆ ಅವನ ಕೈ ಗೋಡೆಯಿಂದ ನಿಧಾನಕ್ಕೆ ಮೇಲೆದ್ದಿತು.

ಕೈ ತಪ್ಪಲಿಲ್ಲ, ಜಾರಲಿಲ್ಲ. ಅಪ್ಪನೇ ಎತ್ತಿದ. ಗಿರಗಿಟ್ಲೆ ನೋಡಿದಳು.

ಇಸ್ತ್ರಿ ಮೇಜಿಗೆ ಹಣೆ ಧಡ್ ಅಂತ ಬಡಿಯಿತು. ಹಾಲ್ ತುಂಬ ನಗು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಪ್ಪನೇ.

"ನಾನು ಔಟ್. ಎಲ್ಲಿ ತಪ್ಪಿದೆ, ಯಾರು ನೋಡಿದ್ರಿ?"

"ಗೋಡೆ ಬಿಟ್ರಿ ಸಾರ್," ಅಂದರು ನಾಲ್ಕೈದು ಜನ ಒಟ್ಟಿಗೆ.

"ಕೊಡಿ ಇಲ್ಲಿ," ಅಂತ ಟೈಲರಮ್ಮ ಬಟ್ಟೆ ಕಿತ್ತುಕೊಂಡರು. ಅವರು ಎರಡು ಸಲ ಗುದ್ದಿಕೊಂಡು, ಗುದ್ದಿದಲ್ಲಿಂದಲೇ ಹೊರಟು ಬಾಗಿಲು ಮುಟ್ಟಿದರು. ಅವರ ಹಿಂದೆ ಲೈನೇ ಆಯಿತು. ನಾನು ಮೊದಲು, ನಾನು ಮೊದಲು ಅಂತ ತಳ್ಳಾಟ ಬೇರೆ.

ಸಂಜೆ ಸೈರನ್ ಹೊಡೆದಾಗ ನಲವತ್ತೂ ಜನ ಹೊರಗೆ ಬಂದದ್ದು ಮೂರು ನಿಮಿಷ ನಲವತ್ತು ಸೆಕೆಂಡಿಗೆ. ಸೋಮವಾರ ಮೇಲಿನ ಮಹಡಿಯವರಿಗೂ ಇದೇ ಆಟ ಆಡಿಸ್ತೀರಾ ಅಂತ ಮ್ಯಾನೇಜರ್ ಅಪ್ಪನನ್ನು ಕೇಳಿದರು.

ಹೊರಡುವಾಗ ಟೈಲರಮ್ಮ ಗಿರಗಿಟ್ಲೆಯ ಕಿವಿಯ ಹತ್ತಿರ ಬಗ್ಗಿದರು. "ಬೇಜಾರು ಮಾಡ್ಕೋಬೇಡ ಪುಟ್ಟಿ. ಕಲ್ಸೋ ನಿಮ್ಮಪ್ಪಂಗೇ ಅದು ಬರಲ್ವಲ್ಲ ಅಂತ."

ಹದಿನೆಂಟು ಸೆಕೆಂಡು ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಆಚೆ ಅಪ್ಪ ಹಣೆಯ ಬುಗುಟು ಉಜ್ಜಿಕೊಳ್ಳುತ್ತಾ, ಹೇಗೆ ಗುದ್ದಿದೆ ಅಂತ ಯಾರಿಗೋ ಅಭಿನಯಿಸಿ ತೋರಿಸುತ್ತಿದ್ದ. ಅವರು ಬಿದ್ದು ಬಿದ್ದು ನಗುತ್ತಿದ್ದರು.

ಗಿರಗಿಟ್ಲೆ ಮಾತು ನುಂಗಿಕೊಂಡಳು.

"ಇನ್ನೂ ಕಲೀತಿದಾನೆ," ಅಂದಳು.