ಅನಮೋಡದ ಜೌಗಿನ ಹೂ

ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಹೂ. ೧೯೬೩ರ ಅಕ್ಟೋಬರಿನಲ್ಲಿ ಧಾರವಾಡದ ಸಸ್ಯಶಾಸ್ತ್ರದ ಮೇಷ್ಟ್ರು ಶೇಖಪ್ಪನವರು ಅದಕ್ಕಾಗಿಯೇ ಜೋಯಿಡಾ ಕಾಡು ಹೊಕ್ಕರು. ಜೊತೆಗೆ ಅವರ ಕೈಕೆಳಗೆ ಪಾಠ ಹೇಳುತ್ತಿದ್ದ ಗಿರಿಜಾಬಾಯಿ, ಬಿದಿರು ಕಡಿಯುವ ಯಲ್ಲಪ್ಪ. ಘಟ್ಟದ ಮೇಲಿನ ಅನಮೋಡದ ಜೌಗಿನಲ್ಲಿ ಬೆಳೆಯುವ ಕೆಸರುಗಿಡವೊಂದು ಹೊಸ ಜಾತಿಯದೆಂದು ಶೇಖಪ್ಪನವರು ಹತ್ತಾರು ವರ್ಷಗಳಿಂದ ನಂಬಿದ್ದರು. ಆದರೆ ಅದರ ಎಲೆ ಘಟ್ಟದ ಕೆಳಗೆ ಬೆಳೆಯುವ ಇನ್ನೊಂದು ಗಿಡದ ಎಲೆಯ ಹಾಗೆಯೇ ಇತ್ತು. ಹೂ ಸೀಳಿ ನೋಡದೆ ಜಾತಿ ಹೇಳುವಂತಿರಲಿಲ್ಲ.

ಜೌಗಿನೊಳಗೆ ಬಿಸಿಲೇ ಇಳಿಯುತ್ತಿರಲಿಲ್ಲ. ಕಪ್ಪು ನೀರಿನಿಂದ ಮರದ ಬೇರುಗಳು ಮಡಿಸಿದ ಮೊಣಕಾಲಿನಂತೆ ಎದ್ದು ನಿಂತಿದ್ದವು. ಬೇರುಬೇರಿನ ಸಂದಿಯಲ್ಲೂ ಆ ಉದ್ದ ಎಲೆಗಳು. ಹೂ ಮಾತ್ರ ಇಲ್ಲ. ಹಿಂಗಾರಿನ ಮಳೆಗೆ ಮೊಗ್ಗುಗಳೆಲ್ಲ ಕೊಳೆತುಹೋಗಿದ್ದವು. ಜಿಗಣೆ ಕಿತ್ತು ಕಿತ್ತು ಗಿರಿಜಾಬಾಯಿಗೆ ಸಾಕಾಗಿತ್ತು.

"ಸರ, ತಿರುಗಿ ಹೋಗೂಣ್ರಿ. ನಿಮ್ಮ ಮೈ ಸುಡಾಕತ್ತೈತಿ."

"ಮುಂದಿನ ವರ್ಷ ಬರಾಕ ನಾ ಇರ್ತೇನೋ ಇಲ್ಲೋ," ಎಂದ ಶೇಖಪ್ಪನವರು ನಡೆಯುತ್ತಲೇ ಇದ್ದರು.

ಒಂದು ಬೇರಿನಡಿ ಕಡುಗೆಂಪು ಹೂವೊಂದು ಅವಳ ಕಣ್ಣಿಗೆ ಬಿತ್ತು. ಬಗ್ಗಿ ಕಿತ್ತಳು. ಅಷ್ಟರಲ್ಲೇ ಹಿಂದಿನಿಂದ ಕೂಗು ಕೇಳಿತು.

ಶೇಖಪ್ಪನವರು ಕೆಸರಿನಲ್ಲಿ ಎದೆಮಟ್ಟ ಹೂತುಹೋಗಿದ್ದರು. ಅವರ ಹೆಗಲಲ್ಲಿದ್ದ, ಎಲೆ ತುಂಬಿದ್ದ ತಗಡಿನ ಪೆಟ್ಟಿಗೆ ಮುಳುಗಿಹೋಯಿತು.

ಯಲ್ಲಪ್ಪ ಹಗ್ಗ ಎಸೆದ. "ಬಾಯಾರ, ಎರಡೂ ಕೈ ಹಚ್ಚಿ ಜಗ್ರಿ!"

ಹೂ ಎಲ್ಲಿಡುವುದು? ಹಲ್ಲಲ್ಲಿ ಕಚ್ಚಿ ಹಿಡಿದಳು. ಹಗ್ಗ ಜಗ್ಗಿದಳು. ಗಿಡದ ರಸ ನಾಲಿಗೆಗೆ ಇಳಿದು ಬಾಯೊಳಗೆ ಬೆಂಕಿ ಹತ್ತಿತು. ಕಣ್ಣಲ್ಲಿ ನೀರು ಸುರಿಯಿತು. ಉಗುಳಲಿಲ್ಲ. ಬೇರಿಗೆ ಸಿಕ್ಕಿದ್ದ ಶೇಖಪ್ಪನವರ ಕಾಲು ಲಟಕ್ಕನೆ ಮುರಿದು, ಮೈ ಕೆಸರಿನಿಂದ ಹೊರಗೆ ಬಂತು.

ಬಿದಿರಿನ ಡೋಲಿ ಕಟ್ಟಿ, ಇಬ್ಬರೂ ಅವರನ್ನು ಹೊತ್ತು, ಬಿದ್ದು ಎದ್ದು ಅನಮೋಡದ ತಪಾಸಣಾ ನಾಕೆ ಮುಟ್ಟಿದರು. ಅವಳ ತುಟಿ, ನಾಲಿಗೆ ಬಾತು ಮಾತೇ ಹೊರಡುತ್ತಿರಲಿಲ್ಲ. ಶೇಖಪ್ಪನವರು ಮಲಗಿದಲ್ಲೇ ಹೂ ಸೀಳಿ ಭೂತಗನ್ನಡಿ ಹಿಡಿದರು.

"ಹೊಸಾದಲ್ಲ," ಎಂದರು ಕೊನೆಗೆ. "ಘಟ್ಟದ ಕೆಳಗಿನ ಜಾತೀನ ಇದು." ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಯಲ್ಲಪ್ಪ ತಲೆ ತಗ್ಗಿಸಿದ. ಗಿರಿಜಾಬಾಯಿ ಶೇಖಪ್ಪನವರ ಚೀಲದಿಂದ ಒದ್ದೆ ನಕಾಶೆ ಬಿಡಿಸಿದಳು. ಆ ಜಾತಿಯ ಗಿಡ ಕಂಡ ಊರುಗಳಿಗೆಲ್ಲ ಚುಕ್ಕಿ ಇತ್ತು, ಎಲ್ಲ ಘಟ್ಟದ ಕೆಳಗೆ. ಅನಮೋಡದ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕಿ ಒತ್ತಿ ಅವರ ಮುಂದೆ ಹಿಡಿದಳು.

ಶೇಖಪ್ಪನವರು ಅದನ್ನೇ ನೋಡಿದರು. "ಹೌದಲ್ಲ. ಘಟ್ಟದ ಮ್ಯಾಲೂ ಈ ಜಾತಿ ಐತಿ ಅಂತ ಯಾರಿಗೂ ಗೊತ್ತಿದ್ದಿಲ್ಲ," ಎಂದರು. ಪೆನ್ಸಿಲ್ ಇಸಿದುಕೊಂಡು ಚುಕ್ಕಿಯ ಪಕ್ಕ ಬರೆದರು: ತಂದವರು, ಗಿರಿಜಾಬಾಯಿ.